ಪಂಪಿನ ಗಾಳಿ ಕೋವಿ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಔಷಧಿ ಸಿಂಪಡಿಸುವ ಕೈಪಂಪಿನ ಸ್ಪ್ರೇಯರನ್ನು ಮುಟ್ಟದ ರೈತರು ಬಹಳ ಕಡಿಮೆ. ಡಬ್ಬದೊಳಕ್ಕೆ ಪಂಪಿನಿಂದ ಗಾಳಿ ತುಂಬುತ್ತೇವೆ. ಒತ್ತಡ ಏರಿದ ಮೇಲೆ ಹಿಡಿಯನ್ನು ಅದುಮಿದರೆ ದ್ರಾವಣವು ಹೊರಕ್ಕೆ ಚಿಮ್ಮುತ್ತದೆ. ಪಂಪಿನ ಗಾಳಿ ಕೋವಿಯ ತತ್ತ್ವವೂ ಇದೇ. ದ್ರಾವಣದ ಬದಲು ಸೀಸದ ಸಣ್ಣ ಗುಂಡು, ಅಷ್ಟೇ ವ್ಯತ್ಯಾಸ. ಮದ್ದು ಇಲ್ಲ, ತೋಟೆ ಇಲ್ಲ, ಹೊಗೆಯಿಲ್ಲ. ಗುಂಡಿಗೆ ಬೇಕಾದ ಶಕ್ತಿಯೆಲ್ಲ ಹಾರಿಸುವವನ ತೋಳಿನಿಂದಲೇ ಬರಬೇಕು.

ನಮ್ಮ ಪೇಟೆಗಳಲ್ಲಿ ‘ಏರ್‌ಗನ್’ ಎಂದು ಕೇಳಿದರೆ ಅಂಗಡಿಯವರು ತೋರಿಸುವುದು ಸಾಮಾನ್ಯವಾಗಿ ಬೇರೊಂದು ಬಗೆಯದು. ಅದರ ನಳಿಗೆಯನ್ನು ಒಮ್ಮೆ ಬಗ್ಗಿಸಿದರೆ ಒಳಗಿನ ದಪ್ಪ ಸ್ಪ್ರಿಂಗು ಮುದುಡಿ ನಿಲ್ಲುತ್ತದೆ. ಕುದುರೆ ಎಳೆದಾಗ ಸ್ಪ್ರಿಂಗು ಬಿಚ್ಚಿಕೊಂಡು ಕೊಂತವನ್ನು ನೂಕಿ, ಆ ಕ್ಷಣದಲ್ಲಿಯೇ ಗಾಳಿಯನ್ನು ಒತ್ತುತ್ತದೆ. ಪಂಪಿನ ಕೋವಿಯಲ್ಲಿ ಗಾಳಿಯನ್ನು ಮೊದಲೇ ಒತ್ತಿ ಕವಾಟದ ಹಿಂದೆ ಕೂಡಿಡಲಾಗುತ್ತದೆ. ಇಂತಹ ಕೋವಿ ನಮ್ಮಲ್ಲಿ ಅಪರೂಪ. ಆದರೆ ತೋಟಗಳಿಗೆ ಮಂಗಗಳ ಕಾಟ ಹೆಚ್ಚಿದಂತೆ, ‘ಬೇಕಾದಷ್ಟು ಪಂಪು ಹೊಡೆದು ಬೇಕಾದಷ್ಟು ಜೋರು ಮಾಡಿಕೊಳ್ಳಬಹುದಂತೆ, ನಿಜವೇ?’ ಎಂಬ ಪ್ರಶ್ನೆಯನ್ನು ಅಡಿಕೆ, ತೆಂಗು ಬೆಳೆಗಾರರು ವಿಸ್ತರಣಾ ಕಾರ್ಯಕರ್ತರ ಮುಂದೆ ಇಡುತ್ತಿದ್ದಾರೆ. ಈ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟರೆ ಅಪಾಯ. ಆದುದರಿಂದ ಕೋವಿಯ ರಚನೆಯಿಂದಲೇ ವಿಷಯವನ್ನು ಆರಂಭಿಸುವುದು ಒಳ್ಳೆಯದು.

ಗಾಳಿಯಿಂದ ಗುಂಡು ಹಾರಿಸುವ ಕಲೆ ಹೊಸದಲ್ಲ. ಸುಮಾರು 1780ರ ಹೊತ್ತಿಗೆ ಆಸ್ಟ್ರಿಯದ ಸೈನ್ಯದಲ್ಲಿ ಜಿರಾಂಡೋನಿ ಎಂಬುವನು ರೂಪಿಸಿದ ಗಾಳಿ ಕೋವಿ ಬಳಕೆಯಲ್ಲಿತ್ತು. ಅದರ ಹಿಂಬದಿಯ ಹಿಡಿಯೇ ಗಾಳಿಯ ತೊಟ್ಟಿ. ಅದನ್ನು ಬಿಚ್ಚಿ, ಬೇರೆ ಕೈಪಂಪಿನಿಂದ ತುಂಬಲು ಸುಮಾರು 1500 ಸಲ ಪಂಪು ಹೊಡೆಯಬೇಕಾಗಿತ್ತು ಎಂದು ಹೇಳುತ್ತಾರೆ. ಯುದ್ಧದ ನಡುವೆ ಇಷ್ಟು ಪುರುಸೊತ್ತು ಯಾರಿಗಿದ್ದೀತು? ಅಮೆರಿಕದ ಪಶ್ಚಿಮ ಭಾಗವನ್ನು 1803ರಿಂದ 1806ರವರೆಗೆ ಶೋಧಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡದವರೂ ಒಂದು ಗಾಳಿ ಕೋವಿಯನ್ನು ಒಯ್ದಿದ್ದರು.

ಪಂಪನ್ನು ಕೋವಿಗೇ ಜೋಡಿಸಿ ಜನಸಾಮಾನ್ಯರ ಕೈಗೆ ಕೊಟ್ಟದ್ದು ಅಮೆರಿಕದ ತಯಾರಕರು. ಸೇಂಟ್ ಲೂಯಿಸ್ ನಗರದ ಬೆಂಜಮಿನ್ ಕಂಪನಿ ಇವರಲ್ಲಿ ಹಳೆಯದು. 1923ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಕ್ರಾಸ್‌ಮನ್ ಕೋವಿಗಳು ಆರಂಭವಾದವು. ಈ ಕ್ರಾಸ್‌ಮನ್ ಮನೆತನದವರು ಮೂಲತಃ ಬೀಜದ ವ್ಯಾಪಾರಿಗಳು ಎಂಬುದು ರೈತರಿಗೆ ಸ್ವಾರಸ್ಯವೆನಿಸಬಹುದು. ತರಕಾರಿ, ಹೂವಿನ ಬೀಜ ಮಾರುತ್ತಿದ್ದ ಮನೆಯಿಂದಲೇ ಈ ಕೋವಿಯೂ ಹೊರಬಂದಿತು.

ಈ ಬಗೆಯ ಕೋವಿಗಳಲ್ಲಿ ಬಲ್ಲವರು ಇಂದಿಗೂ ಹೊಗಳುವುದು ವಿಸ್ಕಾನ್ಸಿನ್ ರಾಜ್ಯದ ರೆಸೀನ್ ಊರಿನ ಶೆರಿಡನ್ ಕೋವಿಯನ್ನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ವಾಕರ್‌ಹೇಗನ್ ಮತ್ತು ಕ್ರೌಸ್ ಎಂಬ ಇಬ್ಬರು ಇದನ್ನು ಮಾರುಕಟ್ಟೆಗೆ ತಂದರು. ‘ಸೂಪರ್‌ಗ್ರೇಡ್’ ಎಂದು ಹೆಸರಾದ ಮೊದಲ ಮಾದರಿಯ ಬೆಲೆ 50 ಡಾಲರಿಗೂ ಮಿಕ್ಕಿದ್ದಿತು. ಆ ಕಾಲಕ್ಕೆ ಅಷ್ಟು ಹಣಕ್ಕೆ ಒಳ್ಳೆಯ ಮದ್ದಿನ ಕೋವಿಯೇ ಸಿಗುತ್ತಿತ್ತು. ಹೀಗಾಗಿ ಮಾರಾಟ ಕುಂಟಿತು. 1953ರವರೆಗೆ ತಯಾರಾದದ್ದು ಎರಡು ಸಾವಿರಕ್ಕೆ ಸ್ವಲ್ಪ ಹೆಚ್ಚು ಮಾತ್ರ. ಈಗ ಅವು ಸಂಗ್ರಹಕಾರರ ಪೆಟ್ಟಿಗೆ ಸೇರಿವೆ. 1949ರಿಂದ ಬಂದ ಸರಳ ಮಾದರಿಗಳಾದ ‘ಸಿಲ್ವರ್ ಸ್ಟ್ರೀಕ್’ ಮತ್ತು ‘ಬ್ಲೂ ಸ್ಟ್ರೀಕ್’ ಹಲವು ದಶಕ ನಡೆದವು. 1977ರಲ್ಲಿ ಶೆರಿಡನ್ ಬೆಂಜಮಿನ್‌ನವರ ಪಾಲಾಯಿತು. 1992ರಲ್ಲಿ ಎರಡೂ ಕ್ರಾಸ್‌ಮನ್‌ನವರ ಕೈ ಸೇರಿದವು.

ಬ್ಲೂ ಸ್ಟ್ರೀಕ್ ಸುಮಾರು 3 ಅಡಿ ಉದ್ದದ ಹಗುರ ಕೋವಿ. ಹಿಡಿ ವಾಲ್‌ನಟ್ ಮರದ್ದು. ನಳಿಗೆ ಕಂಚಿನದು, ಅದರ ಕೆಳಗಿನ ಪಂಪಿನ ಕೊಳವೆ ಹಿತ್ತಾಳೆಯದು. ಎರಡನ್ನೂ ಬೆಸುಗೆಯಿಂದ ಕೂಡಿಸಿರುತ್ತಾರೆ. ಎಡಗೈ ಹಿಡಿಯುವ ಮುಂಭಾಗದ ಮರದ ತುಂಡೇ ಪಂಪಿನ ಸನ್ನೆ. ಅದನ್ನು ಕೆಳಕ್ಕೆ ಬಿಡಿಸಿ ಮತ್ತೆ ಮುಚ್ಚಿದರೆ ಒಂದು ಪಂಪು. ಮೊದಲ ಎರಡು ಪಂಪು ಹಗುರ; ಆರನೆಯದು, ಏಳನೆಯದು ಬಿಗಿ. ಒಂದು ಸಲಕ್ಕೆ ಒಂದೇ ಗುಂಡು. ಕುದುರೆ ಎಳೆದಾಗ ಒಳಗಿನ ಸುತ್ತಿಗೆ ಕವಾಟವನ್ನು ಬಡಿದು ತೆರೆಯುತ್ತದೆ, ಕೂಡಿಟ್ಟ ಗಾಳಿಯೆಲ್ಲ ಒಂದೇ ಬಾರಿಗೆ ಹೊರನುಗ್ಗುತ್ತದೆ. ಮುಂದಿನ ಗುಂಡಿಗೆ ಮತ್ತೆ ಮೊದಲಿನಿಂದ ಪಂಪು ಹೊಡೆಯಬೇಕು.

ಇಲ್ಲಿಯೇ ಮುಖ್ಯ ವಿಷಯ ಬರುತ್ತದೆ. ಬೆಂಜಮಿನ್, ಶೆರಿಡನ್ ಕೋವಿಗಳ ತಯಾರಕರು ವಿಧಿಸಿರುವ ಮಿತಿ ಕನಿಷ್ಠ 3 ಪಂಪು, ಗರಿಷ್ಠ 8 ಪಂಪು. ‘ಎಂಟಕ್ಕೇ ಏಕೆ ನಿಲ್ಲಿಸಬೇಕು, ಹನ್ನೆರಡು ಹೊಡೆದರೆ ಗುಂಡು ಇನ್ನೂ ಜೋರಾಗಿ ಹೋಗದೆ?’ ಎಂದು ಕೇಳುವುದು ಸಹಜ. ಭತ್ತಕ್ಕೆ ಯೂರಿಯ ಹಾಕುವ ರೈತರಿಗೆ ಇದರ ಉತ್ತರ ಗೊತ್ತೇ ಇದೆ. ಮೊದಲ ಕಂತಿನ ಸಾರಜನಕಕ್ಕೆ ಬೆಳೆ ಚೆನ್ನಾಗಿ ಸ್ಪಂದಿಸುತ್ತದೆ. ಅಷ್ಟೇ ಪ್ರಮಾಣದ ಎರಡನೆಯ ಕಂತಿಗೆ ಇಳುವರಿ ಅದಕ್ಕಿಂತ ಕಡಿಮೆ ಹೆಚ್ಚುತ್ತದೆ. ಮಿತಿ ಮೀರಿದರೆ ಪೈರು ಸೊಕ್ಕಿ ಮಲಗುತ್ತದೆ, ಬೆಂಕಿರೋಗ ಬರುತ್ತದೆ, ಇದ್ದ ಇಳುವರಿಯೂ ಹೋಗುತ್ತದೆ. ಇದನ್ನೇ ಇಳಿಮುಖ ಪ್ರತಿಫಲ ನಿಯಮ ಎನ್ನುವುದು. ಪಂಪಿನ ಕೋವಿಗೂ ಈ ನಿಯಮ ಹಾಗೆಯೇ ಅನ್ವಯಿಸುತ್ತದೆ.

ಗುಂಡಿನ ಶಕ್ತಿ ಅದರ ವೇಗದ ವರ್ಗದಂತೆ ಏರುತ್ತದೆ. ಶಕ್ತಿ ಎರಡು ಪಟ್ಟಾದರೆ ವೇಗ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ. ನಾಲ್ಕು ಪಂಪಿನ ಬದಲು ಎಂಟು ಪಂಪು ಹೊಡೆದವನು ತೋಳಿನ ದುಡಿಮೆಯನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿರುತ್ತಾನೆ, ಪಡೆಯುವ ವೇಗ ಒಂದೂವರೆ ಪಟ್ಟೂ ಅಲ್ಲ. ಸೈಕಲ್ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಇಲ್ಲಿಯೂ ಶ್ರಮದ ಒಂದು ಪಾಲು ಹಾಗೆ ಶಾಖವಾಗಿ ಹೋಗುತ್ತದೆ. ಮಿತಿ ದಾಟಿದ ಮೇಲಂತೂ ಒಳಗಿನ ಒತ್ತಡವು ಕವಾಟವನ್ನು ಎಷ್ಟು ಬಿಗಿಯಾಗಿ ಅದುಮಿ ಹಿಡಿಯುತ್ತದೆಂದರೆ, ಸುತ್ತಿಗೆಯ ಪೆಟ್ಟಿಗೆ ಅದು ಪೂರ್ತಿ ತೆರೆಯುವುದಿಲ್ಲ. ಸ್ವಲ್ಪ ಗಾಳಿ ಹೊರಬಂದು ಉಳಿದದ್ದು ಒಳಗೇ ನಿಲ್ಲುತ್ತದೆ. ಹನ್ನೆರಡು ಪಂಪಿನ ಗುಂಡು ಎಂಟು ಪಂಪಿನದಕ್ಕಿಂತ ನಿಧಾನವಾಗಿ ಹೋಗುವುದೂ ಉಂಟು. ಸಾಲದ್ದಕ್ಕೆ ಸನ್ನೆಯ ಗೂಟ ಸವೆಯುತ್ತದೆ, ಬೆಸುಗೆಗೆ ಪೆಟ್ಟು ಬೀಳುತ್ತದೆ. ಸ್ಪ್ರೇಯರಿನ ಡಬ್ಬಕ್ಕೆ ಮಿತಿಮೀರಿ ಗಾಳಿ ತುಂಬಬಾರದು ಎಂದು ತಿಳಿದ ರೈತನೇ ಕೋವಿ ಕೈಗೆ ಬಂದಾಗ ಅದನ್ನು ಮರೆಯುವುದು ವಿಚಿತ್ರ.

ಪಂಪಿನ ಲೆಕ್ಕ ಗುರಿಗೂ ಮುಖ್ಯ. ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊರಟ ಗುಂಡು 25 ಮೀಟರ್ ದೂರ ಹೋಗುವಷ್ಟರಲ್ಲಿ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, ನಳಿಗೆಯ ನೇರದಿಂದ ಸುಮಾರು 10 ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ವೇಗ 140 ಮೀಟರಾದರೆ ಇಳಿತ ಸುಮಾರು 16 ಸೆಂಟಿಮೀಟರ್. ಎರಡರ ನಡುವಣ ಅಂತರ ಒಂದು ಲಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು. ಆದುದರಿಂದ ಐದು ಪಂಪು ಎಂದರೆ ಪ್ರತಿ ಸಲವೂ ಐದೇ. ಬಾಯಲ್ಲಿ ಎಣಿಸಿಯೇ ಹೊಡೆಯಬೇಕು. ಕಾಗದದ ಗುರಿಗೆ ಐದು ಪಂಪು ಧಾರಾಳ ಸಾಕು. ಹತ್ತು ಮೀಟರಿಗೆ ಮೂರೇ ಸಾಕಾಗುತ್ತದೆ.

ಗುರಿಯ ವಿಷಯದಲ್ಲಿ ಈ ಕೋವಿಗೆ ಒಂದು ಗುಣವಿದೆ. ಸ್ಪ್ರಿಂಗಿನ ಕೋವಿಯಲ್ಲಿ ಭಾರವಾದ ಕೊಂತ ಮುಂದಕ್ಕೆ ನುಗ್ಗಿ ತಟ್ಟನೆ ನಿಲ್ಲುವುದರಿಂದ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಜಗ್ಗಿದಂತಾಗುತ್ತದೆ. ಅದನ್ನು ಸಡಿಲವಾಗಿ ಹಿಡಿಯಲು ಕಲಿಯಲು ತಿಂಗಳುಗಳೇ ಬೇಕು. ಪಂಪಿನ ಕೋವಿಯಲ್ಲಿ ಚಲಿಸುವುದು ಸಣ್ಣ ಸುತ್ತಿಗೆ ಮಾತ್ರ. ಹಿಂದೊದೆ ಇಲ್ಲವೆಂದೇ ಹೇಳಬೇಕು. ಹೊಸಬನೂ ಉಸಿರು ಹಿಡಿದು ಕುದುರೆಯನ್ನು ಮೆಲ್ಲಗೆ ಎಳೆದರೆ ಗುಂಡು ಗುರಿಯ ಸಮೀಪ ಬೀಳುತ್ತದೆ. ಆದರೆ ಪ್ರತಿ ಗುಂಡಿಗೂ ಪಂಪು ಹೊಡೆದು ದಣಿದ ತೋಳು ನಡುಗುತ್ತದೆ. ಪಂಪು ಹೊಡೆದ ಮೇಲೆ ಎರಡು ಉಸಿರು ಬಿಟ್ಟು ಗುರಿ ಹಿಡಿಯುವುದು ಲೇಸು.

ಇನ್ನು ಮಂಗಗಳ ಪ್ರಶ್ನೆ. ಅಡಿಕೆಯ ಎಳೆಗಾಯಿ ಉದುರಿ, ತೆಂಗಿನ ಎಳನೀರು ನೆಲಕ್ಕೆ ಬಿದ್ದು, ಬಾಳೆಗೊನೆ ಅರ್ಧಕ್ಕೆ ಹಾಳಾದ ರೈತನ ಸಂಕಟ ಸಣ್ಣದಲ್ಲ. ವರ್ಷದ ದುಡಿಮೆ ಒಂದು ಮುಂಜಾನೆಯಲ್ಲಿ ಹೋಗುವುದುಂಟು. ಅಂಥವನಿಗೆ ಪೇಟೆಯಲ್ಲಿ ಕುಳಿತು ಬುದ್ಧಿ ಹೇಳುವುದು ಸುಲಭ. ಆದರೂ ಹೇಳಲೇಬೇಕಾದ ಮಾತು ಎಂದರೆ, ಗಾಳಿ ಕೋವಿ ಬೆಳೆ ರಕ್ಷಣೆಯ ಸಾಧನವಲ್ಲ.

ಕಾನೂನನ್ನು ಮೊದಲು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ಕಡೆಯ ಮಂಗ, ಮುಸಿಯ, ನವಿಲು, ಕಾಡುಹಂದಿ ಎಲ್ಲವೂ ರಕ್ಷಿತ ಪ್ರಾಣಿಗಳು. ಬೇಟೆ ಎಂದರೆ ಕೊಲ್ಲುವುದೊಂದೇ ಅಲ್ಲ. ಗಾಯಗೊಳಿಸುವುದೂ, ಕೊಲ್ಲಲು ಪ್ರಯತ್ನಿಸುವುದೂ ಬೇಟೆಯೇ. ಕಾಗೆ, ಇಲಿ, ಹಣ್ಣುಬಾವಲಿಗಳನ್ನು ಮೊದಲು ಉಪದ್ರವ ಪ್ರಾಣಿಗಳ ಪಟ್ಟಿಯಲ್ಲಿ ಇಡಲಾಗಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಕರಪತ್ರಗಳನ್ನು ಓದಿ ‘ಕಾಗೆಗೆ ಹೊಡೆಯಬಹುದು’ ಎಂದು ತಿಳಿದವರು ಇದನ್ನು ಗಮನಿಸಬೇಕು.

ಕೋವಿಗೂ ಕಾನೂನಿದೆ. 2016ರ ಆಯುಧ ನಿಯಮಗಳ ಪ್ರಕಾರ ಗುಂಡಿನ ಶಕ್ತಿ 20 ಜೌಲ್ ಮೀರಿದರೆ, ಅಥವಾ ನಳಿಗೆಯ ರಂಧ್ರ 4.5 ಮಿಲಿಮೀಟರಿಗಿಂತ ಅಗಲವಾಗಿದ್ದರೆ, ಆ ಗಾಳಿ ಕೋವಿಗೆ ಪರವಾನಗಿ ಬೇಕು. ಮೇಲೆ ಹೇಳಿದ ಶೆರಿಡನ್ ಕೋವಿಯ ರಂಧ್ರ 5 ಮಿಲಿಮೀಟರ್. ವಿದೇಶದಲ್ಲಿರುವ ನೆಂಟರು ‘ಆಟದ ಕೋವಿ’ ಎಂದು ತಂದುಕೊಟ್ಟರೂ ಇಲ್ಲಿ ಅದು ಪರವಾನಗಿ ಬೇಕಾದ ಆಯುಧವೇ. ಕೊಳ್ಳುವವರು 4.5 ಮಿಲಿಮೀಟರಿನದನ್ನೇ ಕೊಳ್ಳಬೇಕು, ಶಕ್ತಿಯ ಮಿತಿಯನ್ನು ಬರೆದ ಪತ್ರವನ್ನೂ ರಸೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕಾನೂನನ್ನು ಬದಿಗಿಟ್ಟು ನೋಡಿದರೂ ಲೆಕ್ಕ ಸರಿಹೊಂದುವುದಿಲ್ಲ. ಒಂದು ಗ್ರಾಮಿಗೂ ಸ್ವಲ್ಪ ಕಡಿಮೆ ತೂಕದ ಗುಂಡು ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಸುಮಾರು 15 ಜೌಲ್. ಒಂದು ಕಿಲೋ ಕಲ್ಲನ್ನು ಒಂದೂವರೆ ಮೀಟರ್ ಎತ್ತರದಿಂದ ಕೈಬಿಟ್ಟಷ್ಟು. ಆದರೆ ಅದೆಲ್ಲ ಒಂದು ಮೆಣಸಿನ ಕಾಳಿನಷ್ಟು ಜಾಗದ ಮೇಲೆ ಬೀಳುತ್ತದೆ. ಚರ್ಮ ಹರಿಯಲು, ಕಣ್ಣು ಒಡೆಯಲು, ಹೊಟ್ಟೆಯೊಳಕ್ಕೆ ಹೊಗಲು ಇಷ್ಟು ಸಾಕು. ದೊಡ್ಡ ಪ್ರಾಣಿಯನ್ನು ತಟ್ಟನೆ ಕೊಲ್ಲಲು ಮಾತ್ರ ಸಾಲದು. ಪೆಟ್ಟು ತಿಂದ ಮಂಗ ಗಾಯದಲ್ಲಿ ಹುಳು ಬಿದ್ದು ದಿನಗಟ್ಟಲೆ ನರಳಿ ಸಾಯುತ್ತದೆ. ಉಳಿದ ಹಿಂಡು ನೆರೆಯವನ ತೋಟಕ್ಕೆ ದಾಟಿ, ಕೆಲವು ದಿನ ಬಿಟ್ಟು ಮರಳುತ್ತದೆ. ಒಂದು ಗುಂಡು ಹಾರಿಸಿ ಮತ್ತೆ ಎಂಟು ಪಂಪು ಹೊಡೆಯುವಷ್ಟರಲ್ಲಿ ಹಿಂಡು ಮೂರು ಮರ ದಾಟಿರುತ್ತದೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇಂಡೋನೇಷ್ಯವೇ ಸಾಕ್ಷಿ. ಜಪಾನಿನ ಶಾರ್ಪ್ ಕಂಪನಿಯ ಪಂಪಿನ ಕೋವಿಗಳನ್ನು ನೋಡಿ ಅಲ್ಲಿನ ಕುಶಲಕರ್ಮಿಗಳು ಅಂತಹವೇ ಕೋವಿಗಳನ್ನು ಮಾಡಲು ಕಲಿತರು. ಪಶ್ಚಿಮ ಜಾವದ ಚಿಪಾಚಿಂಗ್ ಹಳ್ಳಿ ಈ ಕಸಬಿಗೇ ಹೆಸರಾಗಿದೆ. ಹಳ್ಳಿಹಳ್ಳಿಯಲ್ಲಿ ಗಾಳಿ ಕೋವಿ ಬಂದಿತು. 2018ರ ಫೆಬ್ರವರಿಯಲ್ಲಿ ಪೂರ್ವ ಕಾಲಿಮಂಟಾನ್‌ನಲ್ಲಿ ಒಂದು ಒರಾಂಗುಟಾನ್ ಸಾಯುವ ಸ್ಥಿತಿಯಲ್ಲಿ ಸಿಕ್ಕಿತು. ಪರೀಕ್ಷಿಸಿದಾಗ ಅದರ ಮೈಯಲ್ಲಿ ಗಾಳಿ ಕೋವಿಯ ಗುಂಡುಗಳು 130! ಬಂಧಿತರಾದವರು ರೈತರು. ತಮ್ಮ ಅನಾನಸು ಬೆಳೆಯನ್ನು ಹಾಳು ಮಾಡಿತು ಎಂಬುದೇ ಕಾರಣ. ಮರುವರ್ಷ, 2019ರ ಮಾರ್ಚಿನಲ್ಲಿ, ಸುಮಾತ್ರ ದ್ವೀಪದ ಆಚೆ ಪ್ರಾಂತ್ಯದಲ್ಲಿ ಸಿಕ್ಕ ತಾಯಿ ಒರಾಂಗುಟಾನಿನ ಮೈಯಲ್ಲಿ 74 ಗುಂಡುಗಳಿದ್ದವು. ಅದು ಕುರುಡಾಯಿತು, ಮರಿ ಸತ್ತಿತು. ಒಂದು ಪ್ರಾಣಿಗೆ 130 ಗುಂಡು ಎಂದರೆ ಆ ಕೋವಿಯಿಂದ ಬೆಳೆಯೂ ಉಳಿಯಲಿಲ್ಲ, ಪ್ರಾಣಿಯೂ ಉಳಿಯಲಿಲ್ಲ, ರೈತನೂ ಉಳಿಯಲಿಲ್ಲ ಎಂದೇ ಅರ್ಥ. ಗಾಳಿ ಕೋವಿಯನ್ನು ಗುರಿ ಅಭ್ಯಾಸಕ್ಕೆ ಮಾತ್ರ ಸೀಮಿತಗೊಳಿಸುವ ಪೊಲೀಸ್ ನಿಯಮ ಆ ದೇಶದಲ್ಲಿ 2012ರಲ್ಲಿಯೇ ಬಂದಿತ್ತು. ಕೋವಿಗಳು ಅಷ್ಟರಲ್ಲಿ ಮನೆಮನೆ ಸೇರಿದ್ದವು.

ಹಾಗಾದರೆ ಮಂಗಗಳಿಗೆ ಏನು ಮಾಡಬೇಕು ಎಂದರೆ, ಸುಲಭದ ಮದ್ದು ಇಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಅಕ್ಕಪಕ್ಕದ ತೋಟದವರು ಸರದಿಯ ಮೇಲೆ ಕಾಯುವುದು, ನಾಯಿ ಸಾಕುವುದು, ಊರ ಅಂಚಿನಲ್ಲಿ ತಿನಿಸು ಎಸೆಯುವ ಚಾಳಿಯನ್ನು ನಿಲ್ಲಿಸುವುದು, ಇವೆಲ್ಲ ಒಟ್ಟಾಗಿ ನಡೆದರೆ ಸ್ವಲ್ಪ ಫಲ ಕಾಣಬಹುದು. ಕಾಡುಪ್ರಾಣಿಗಳಿಂದಾದ ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಇದೆ. ಯಾವ ಪ್ರಾಣಿ, ಯಾವ ಬೆಳೆ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ ತಡಮಾಡದೆ ಅರ್ಜಿ ಕೊಡಬೇಕು.

ಕೋವಿಯನ್ನು ಕೋವಿಯ ಆಟಕ್ಕೆ ಇಟ್ಟುಕೊಳ್ಳುವುದಾದರೆ ಅದರಲ್ಲಿ ತಪ್ಪೇನೂ ಇಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳನ್ನು ಪೂಜಿಸಿ, ತೆಂಗಿನಕಾಯಿಗೆ ಗುಂಡಿಡುವ ಪಂದ್ಯ ನಡೆಸುತ್ತಾರೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನದ ಪದಕವನ್ನು ತಂದದ್ದು 10 ಮೀಟರ್ ಗಾಳಿ ಕೋವಿಯ ಪಂದ್ಯದಲ್ಲಿಯೇ. ಅದರ ಗುರಿಯ ನಡುವಣ ಹತ್ತಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತಲೂ ಚಿಕ್ಕದು. ಬೇಸಾಯದ ಬಿಡುವಿನಲ್ಲಿ ಹತ್ತು ಮೀಟರ್ ಜಾಗ, ಹಿಂದೆ ದಪ್ಪನೆಯ ಮಣ್ಣಿನ ದಿಬ್ಬ, ಒಂದು ಕಾಗದದ ಗುರಿ ಇದ್ದರೆ ಸಾಕು, ಅಭ್ಯಾಸ ಸಾಧ್ಯ.

ದಿಬ್ಬ ಮಣ್ಣಿನದೇ ಆಗಬೇಕು. ಚಪ್ಪಡಿ ಕಲ್ಲು, ಜಂಬಿಟ್ಟಿಗೆ ಗೋಡೆ, ತಗಡು, ಒಣಗಿದ ಮರದ ಗಂಟು ಇವಕ್ಕೆ ಬಡಿದ ಗುಂಡು ಹಾರಿಸಿದವನ ಕಡೆಗೇ ಹಿಂತಿರುಗುತ್ತದೆ. ಗುರಿ ತಪ್ಪಿ ಮೇಲಕ್ಕೆ ಹಾರಿದ ಗುಂಡು ನೂರಾರು ಮೀಟರ್ ಹೋಗಬಲ್ಲದು. ಹಾರಿಸುವವರೂ ನೋಡುವವರೂ ಕಣ್ಣಿಗೆ ಕನ್ನಡಕ ಹಾಕಬೇಕು. ಗುಂಡು ಸೀಸದ್ದಾದುದರಿಂದ ಬಾಯಲ್ಲಿ ಇಟ್ಟುಕೊಳ್ಳಬಾರದು, ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ತರಕಾರಿ ಮಡಿಯ ಬದುವನ್ನು ಗುರಿಯ ದಿಬ್ಬ ಮಾಡಬಾರದು. ಮಣ್ಣು ಸೇರಿದ ಸೀಸ ಕರಗಿ ಹೋಗುವುದಿಲ್ಲ. ಮರಳು ತುಂಬಿದ ಪೆಟ್ಟಿಗೆಯನ್ನು ಗುರಿಯ ಹಿಂದೆ ಇಟ್ಟರೆ ಗುಂಡುಗಳನ್ನು ಆಯ್ದು ತೆಗೆಯಬಹುದು.

ಹಾರಿಸುವ ಕ್ರಮ ಹೀಗಿರಲಿ. ಮೊದಲು ಭದ್ರತೆಯ ಗುಂಡಿ ಹಾಕಬೇಕು. ಬೋಲ್ಟನ್ನು ಹಿಂದಕ್ಕೆಳೆದು ನಳಿಗೆಯಲ್ಲಿ ಹಳೆಯ ಗುಂಡಿಲ್ಲವೆಂದು ನೋಡಿಕೊಳ್ಳಬೇಕು. ನಂತರ ಎಣಿಸಿ ಪಂಪು ಹೊಡೆಯಬೇಕು, ಗುಂಡನ್ನು ಕೊನೆಗೆ ಇಡಬೇಕು. ಗುಂಡು ಇಟ್ಟ ಕೋವಿಗೆ ಪಂಪು ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಪಂಪು ಹೊಡೆಯುವಾಗ ಕೋವಿಯ ಬಾಯಿ ಎತ್ತ ತಿರುಗಿದೆ ಎಂಬ ಕಡೆಗೆ ಯಾರ ಗಮನವೂ ಇರುವುದಿಲ್ಲ. ಸನ್ನೆ ಮುಚ್ಚುವಾಗ ಬೆರಳು ಕೊಳವೆಗೂ ಮರಕ್ಕೂ ನಡುವೆ ಸಿಕ್ಕರೆ ಉಗುರು ಉಳಿಯುವುದಿಲ್ಲ.

ಹಳೆಯ ಕೋವಿ ಕೊಳ್ಳುವವರು ಸಂಜೆ ಮೂರು ಪಂಪು ಹೊಡೆಸಿ, ಗುಂಡು ಹಾಕದೆ, ಬೀಗದ ಪೆಟ್ಟಿಗೆಯಲ್ಲಿಡಿಸಿ, ಬೆಳಗ್ಗೆ ಮಣ್ಣಿನ ಕಡೆಗೆ ಹಾರಿಸಿ ನೋಡಬೇಕು. ಗಾಳಿ ನುಗ್ಗಿದ ಸದ್ದು ಬಲವಾಗಿ ಕೇಳಿದರೆ ಕವಾಟ ಚೆನ್ನಾಗಿದೆ. ಸದ್ದೇ ಬರದಿದ್ದರೆ ರಾತ್ರಿಯಲ್ಲಿ ಗಾಳಿ ಸೋರಿಹೋಗಿದೆ. ರಿಪೇರಿಗೆ ಬೇಕಾದ ಬಿಡಿಭಾಗ ನಮ್ಮ ಪೇಟೆಗಳಲ್ಲಿ ಸಿಗುವುದು ದುರ್ಲಭವಾದುದರಿಂದ ಅಂತಹ ಕೋವಿಯನ್ನು ಅಗ್ಗವೆಂದು ಕೊಳ್ಳಬಾರದು. ಪಂಪಿನ ವಾಷರಿಗೆ ಆಗಾಗ ಒಂದೆರಡು ಹನಿ, ಕೋವಿಯ ತಯಾರಕರು ಸೂಚಿಸಿದ ಎಣ್ಣೆಯನ್ನೇ ಬಿಡಬೇಕು. ಕೈಗೆ ಸಿಕ್ಕಿದ ಸ್ಪ್ರೇ ಎಣ್ಣೆ, ಸೀಮೆಎಣ್ಣೆ ಬಿಟ್ಟರೆ ವಾಷರು ಊದಿಕೊಂಡು ಕೆಡುತ್ತದೆ. ಮಳೆಗಾಲದಲ್ಲಿ ಹಿತ್ತಾಳೆಗೆ ತುಕ್ಕು ಹಿಡಿಯದಿದ್ದರೂ ಬೋಲ್ಟು, ಸ್ಪ್ರಿಂಗುಗಳು ಉಕ್ಕಿನವು. ಒಣ ಬಟ್ಟೆಯಿಂದ ಒರಸಿಡಬೇಕು.

ಬಹಳ ದಿನ ಬಳಸದೆ ಇಡುವಾಗ ಕವಾಟದೊಳಗೆ ಧೂಳು ಸೇರದಂತೆ ಒಂದೇ ಒಂದು ಪಂಪಿನ ಗಾಳಿಯನ್ನು ಬಿಡುವುದು ವಾಡಿಕೆ. ಈ ಒಂದು ಪಂಪು ಮನೆಯಲ್ಲಿ ಎಲ್ಲರಿಗೂ ತಿಳಿದಿರಬೇಕು.  ಗಾಳಿ ತುಂಬಿದ ಕೋವಿಯೂ ಖಾಲಿ ಕೋವಿಯೂ ನೋಡಲು ಒಂದೇ. ರಜೆಗೆ ಬಂದ ಮಕ್ಕಳು ಗೋಡೆಯಿಂದ ಇಳಿಸಿ ‘ಇದರಲ್ಲಿ ಏನೂ ಇಲ್ಲ’ ಎಂದು ಒಬ್ಬರ ಮುಖಕ್ಕೆ ಒಬ್ಬರು ಹಿಡಿಯುವುದು ಇಂತಹ ಕೋವಿಯನ್ನೇ. ಕೋವಿಯನ್ನು ಗೋಡೆಯ ಗೂಟಕ್ಕೆ ತೂಗುಹಾಕದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು, ಗುಂಡಿನ ಡಬ್ಬವನ್ನು ಬೇರೆ ಕೋಣೆಯಲ್ಲಿ ಇಡಬೇಕು, ಎರಡರ ಬೀಗದ ಕೈಯೂ ಮನೆಯ ಹಿರಿಯರೊಬ್ಬರ ಬಳಿಯೇ ಇರಬೇಕು.